ಮಾಸ್ತಿಯವರ ಇಳಿವಯಸ್ಸಿನ ಕಾದಂಬರಿಗಳು: ಅವನ್ನು ಓದುವ ಕ್ರಮ

(ಶ್ರೀಮಠದ ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮರಳಿ, ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಈ ಸೀಮೆಯ ಭಕ್ತರಿಗೆ ಮಠವೆಂದರೆ ಪೂಜೆ ಪ್ರಸಾದಗಳ ಸ್ಥಾನ ಮಾತ್ರವಲ್ಲ. ಅದು ಪುರಾಣಶ್ರವಣದ ಸ್ಥಾನವೂ ಅಹುದು. ೧೯೪೮ರ ವರೆಗೆ ಈ ಪ್ರಾಂತವು ನಿಜಾಮರ ಆಳಿಕೆಯಲ್ಲಿದ್ದಾಗ ಕಚೇರಿಯ ಭಾಷೆ ಉರ್ದುವಾಗಿತ್ತು, ಶಾಲೆಯ ಭಾಷೆಯೂ ಬಹುಮಟ್ಟಿಗೆ ಅದೇ ಆಗಿತ್ತು. ಆ ಕಾಲದಲ್ಲಿ ಕನ್ನಡದ ಅಕ್ಷರವನ್ನು ಮಕ್ಕಳ ಕಣ್ಣಿಗೆ ತೋರಿಸಿದವು, ಕನ್ನಡದ ಮಾತನ್ನು ಹಿರಿಯರ ಕಿವಿಗೆ ಮುಟ್ಟಿಸಿದವು ಮಠಗಳೇ. ಶ್ರಾವಣಮಾಸದಲ್ಲಿ ಬಸವಪುರಾಣವನ್ನೂ ಪ್ರಭುಲಿಂಗಲೀಲೆಯನ್ನೂ ಕೇಳಿ ಬೆಳೆದ ಮನೆಗಳ ಮಕ್ಕಳು ಮುಂದೆ ಓದು ಬರಹ ಕಲಿತು ಕಾದಂಬರಿಗಳನ್ನು ಕೈಗೆತ್ತಿಕೊಂಡರು. ಇದು ಸ್ವಾಭಾವಿಕವಾದದ್ದೇ. ಕಥೆ ಕೇಳುವ ಕಿವಿಯೇ ಕಥೆ ಓದುವ ಕಣ್ಣಾಯಿತು.

ಇಂಥ ಓದುಗರು ಕೂಡಿದಲ್ಲಿ ಒಂದು ಪ್ರಶ್ನೆಯು ಮತ್ತೆ ಮತ್ತೆ ಏಳುವದುಂಟು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರರಾಜೇಂದ್ರ'ವನ್ನು ಭಕ್ತನಾದವನು ಓದಬೇಕೆ? ಓದಬೇಕಾದರೆ ಅವರ ಗ್ರಂಥಗಳಲ್ಲಿ ಅದನ್ನೇ ಮೊದಲು ಓದಬೇಕೋ, ಬೇರೊಂದರಿಂದ ಪ್ರಾರಂಭಿಸಬೇಕೋ? ತರುಣರು ಹೇಳುವದೇನೆಂದರೆ: ಜ್ಞಾನಪೀಠ ಪ್ರಶಸ್ತಿಯು ಬಂದುದು ಆ ಗ್ರಂಥಕ್ಕೆ, ಆದುದರಿಂದ ಅದರಿಂದಲೇ ಪ್ರಾರಂಭಿಸತಕ್ಕದ್ದು. ಹಿರಿಯರಲ್ಲಿ ಕೆಲವರು ಹೇಳುವದೇನೆಂದರೆ: ಲಿಂಗಧಾರಿಗಳಾದ ಅರಸರನ್ನು ಕುಡುಕರೆಂದೂ ಕ್ರೂರಿಗಳೆಂದೂ ಚಿತ್ರಿಸಿದ ಪುಸ್ತಕವು ಮಠದ ಕಪಾಟಿಗೆ ಬೇಡವೇ ಬೇಡ. ಇವೆರಡರ ನಡುವೆ ನಿಂತವರು, ಹೆಚ್ಚಾಗಿ ತಾಯಂದಿರು, ಮಾಸ್ತಿಯವರ ಸಣ್ಣಕಥೆಗಳು ಸಾಕು, ದೊಡ್ಡ ಪುಸ್ತಕದ ಗೊಡವೆಯೇಕೆ ಎನ್ನುವರು. ಈ ಮೂರೂ ಮಾತುಗಳಲ್ಲಿ ಒಂದೊಂದು ಅಂಶ ಸತ್ಯವಿದೆ. ಯಾವದೊಂದರಲ್ಲಿಯೂ ಪೂರ್ಣ ಸತ್ಯವಿಲ್ಲ. ಆ ವಿಚಾರವೇ ಈ ಉಪನ್ಯಾಸದ ವಿಷಯ.

ಮೊದಲು ಗ್ರಂಥಕರ್ತರ ವಿಷಯವಾಗಿ ನಾಲ್ಕು ಮಾತು. ಮಾಸ್ತಿಯವರು ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನಲ್ಲಿ ೧೮೯೧ನೆಯ ಇಸವಿ ಜೂನ್ ೬ರಂದು ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿದರು. ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಅಧಿಕಾರಿಗಳಾಗಿದ್ದು ೧೯೪೩ರಲ್ಲಿ ಕೆಲಸವನ್ನು ಬಿಟ್ಟರು. 'ಶ್ರೀನಿವಾಸ' ಎಂಬ ಹೆಸರಿನಿಂದ ಅವರು ಬರೆದ ಸಣ್ಣಕಥೆಗಳು ೧೯೨೦ರಲ್ಲಿ ಮೊದಲ ಸಾರೆ ಪುಸ್ತಕರೂಪವಾಗಿ ಬಂದವು; ಕನ್ನಡ ಸಣ್ಣಕಥೆಗೆ ಅಲ್ಲಿಂದ ಒಂದು ಹೊಸ ನಡಿಗೆ ಬಂದಿತೆಂದು ಎಲ್ಲರೂ ಒಪ್ಪುವರು. 'ಸುಬ್ಬಣ್ಣ'ವೆಂಬ ಕಿರುಕಾದಂಬರಿ ೧೯೨೮ರದು. ೧೯೨೯ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅಧಿಕಾರದ ಭಾರ ಇಳಿದ ಮೇಲೆ, ವಯಸ್ಸು ಅರುವತ್ತರ ಆಚೀಚೆ ಇದ್ದಾಗ, ಅವರು ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳನ್ನು ಬರೆದರು. ಮೊದಲನೆಯದು 'ಚನ್ನಬಸವನಾಯಕ', ಎರಡನೆಯದು ೧೯೫೬ರಲ್ಲಿ ಹೊರಬಂದ 'ಚಿಕವೀರರಾಜೇಂದ್ರ'. ಈ ಎರಡನೆಯ ಗ್ರಂಥಕ್ಕೆ ೧೯೮೩ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯು ಸಂದಾಗ ಗ್ರಂಥಕರ್ತರು ತೊಂಬತ್ತನ್ನು ದಾಟಿದ್ದರು. ಹುಟ್ಟಿದ ದಿನವಾದ ಜೂನ್ ೬ರಂದೇ, ೧೯೮೬ರಲ್ಲಿ, ಅವರು ದೇಹವನ್ನು ಬಿಟ್ಟರು.

ಈ ಎರಡು ಕಾದಂಬರಿಗಳ ವಿಷಯವನ್ನು ಕೇಳಿದೊಡನೆ ಲಿಂಗವಂತ ಓದುಗನ ಮನಸ್ಸು ಎಚ್ಚರಗೊಳ್ಳುವದು. ಎರಡೂ ಲಿಂಗವಂತ ಅರಸುಮನೆತನಗಳ ಕಥೆಗಳು; ಎರಡೂ ಅವುಗಳ ಅಳಿವಿನ ಕಥೆಗಳು. 'ಚನ್ನಬಸವನಾಯಕ'ದಲ್ಲಿ ೧೭೬೩ರಲ್ಲಿ ಹೈದರಲಿಯ ವಶವಾದ ಬಿದನೂರಿನ ಸಂಸ್ಥಾನ. 'ಚಿಕವೀರರಾಜೇಂದ್ರ'ದಲ್ಲಿ ೧೮೩೪ರಲ್ಲಿ ಇಂಗ್ಲಿಷ್ ಕುಂಪಣಿಯ ವಶವಾದ ಕೊಡಗು. ಈ ಎರಡು ಮನೆತನಗಳಿಗೂ ಸಂಬಂಧವುಂಟು. ಇಕ್ಕೇರಿಯ ವಂಶದ ಪುರುಷನೊಬ್ಬನು ಜಂಗಮವೇಷದಿಂದ ಕೊಡಗಿಗೆ ಬಂದು ಹಾಲೇರಿಯಲ್ಲಿ ನೆಲೆಸಿ ಅಲ್ಲಿಯ ದೊರೆತನಕ್ಕೆ ಮೂಲಪುರುಷನಾದನೆಂದು ಪರಂಪರೆಯು ಹೇಳುವದು. ಅಂದ ಮೇಲೆ ಮಾಸ್ತಿಯವರು ಬರೆದುದು ಒಂದೇ ಬೇರಿನ ಎರಡು ಮರಗಳು ಬಿದ್ದ ಬಗೆಯನ್ನು.

ಇಲ್ಲಿ ಹಿರಿಯರ ನೋವನ್ನು ಇದ್ದ ಹಾಗೆಯೇ ಹೇಳಬೇಕು; ಅದನ್ನು ಕಿರಿದುಮಾಡಿ ಹೇಳಿದರೆ ಉತ್ತರವೂ ಕಿರಿದಾಗುವದು. ಕೆಳದಿಯ ಮನೆತನದಲ್ಲಿ ಶಿಸ್ತಿನಿಂದ ಭೂಮಿಯ ಕಂದಾಯವನ್ನು ಗೊತ್ತುಮಾಡಿದ ಶಿವಪ್ಪನಾಯಕನಿದ್ದನು. ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯಕೊಟ್ಟ ಚೆನ್ನಮ್ಮಾಜಿ ಇದ್ದಳು. 'ಶಿವತತ್ತ್ವರತ್ನಾಕರ'ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದ ಬಸವರಾಜನಿದ್ದನು. ಇಂಥವರೆಲ್ಲ ಇರುತ್ತ, ಗ್ರಂಥಕರ್ತರು ಇವರನ್ನು ಬಿಟ್ಟು ಕಡೆಗಾಲದ ವೀರಮ್ಮಾಜಿಯ ಕಥೆಯನ್ನೇ ಏಕೆ ಆರಿಸಿದರು? ಆಕೆಯ ನಡತೆಯನ್ನು ಆ ರೀತಿಯಾಗಿ ಏಕೆ ಚಿತ್ರಿಸಿದರು? ಕೊಡಗಿನಲ್ಲಿಯೂ ದೊಡ್ಡವೀರರಾಜೇಂದ್ರನಂಥ ಶೂರನಿರಲು ಚಿಕವೀರನನ್ನೇ ಏಕೆ ಹಿಡಿದರು? 'ಚನ್ನಬಸವನಾಯಕ'ವು ಹೊರಬಂದಾಗ ವೀರಮ್ಮಾಜಿಯ ಚಿತ್ರಣದಿಂದ ಅನೇಕ ವೀರಶೈವರ ಮನಸ್ಸು ನೊಂದಿತು. ಆ ನೋವು ಅಜ್ಞಾನದಿಂದ ಹುಟ್ಟಿದ್ದಲ್ಲ. ತಮ್ಮ ತಾಯಿಯ ಸ್ಥಾನದಲ್ಲಿ ಇರಿಸಿದ ರಾಣಿಯ ಮಾತು ಬಂದಾಗ ನೋಯದ ಮನಸ್ಸು ಭಕ್ತಿಯುಳ್ಳ ಮನಸ್ಸೆಂದು ಹೇಳಲಾಗದು.

ಆದರೆ ಈ ಪ್ರಶ್ನೆಯನ್ನು ಶರಣರ ಪರಂಪರೆಯ ಬೆಳಕಿನಲ್ಲಿಯೇ ನೋಡತಕ್ಕದ್ದು. ತಮ್ಮವರ ದೋಷವನ್ನು ಮುಚ್ಚಿಡುವದು ಆ ಪರಂಪರೆಯ ರೀತಿಯೇ? ಹರಿಹರಕವಿಯು ನಂಬಿಯಣ್ಣನ ರಗಳೆಯನ್ನು ಬರೆದನು. ಶಿವನಿಗೆ ಪ್ರಾಣದಂತಿದ್ದ ಆ ಭಕ್ತನು ಪರವೆಯನ್ನೂ ಸಂಕಿಲೆಯನ್ನೂ ಮೋಹಿಸಿದ್ದು, ಅಗಲುವದಿಲ್ಲವೆಂದು ಆಣೆಯಿಟ್ಟು ಆಣೆಯನ್ನು ಮುರಿದದ್ದು, ಅದರಿಂದ ಕಣ್ಣುಗಳನ್ನು ಕಳೆದುಕೊಂಡದ್ದು, ಇದೊಂದನ್ನೂ ಹರಿಹರನು ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದರೆ ಕಣ್ಣು ಮರಳಿ ಬಂದ ಕೃಪೆಯ ಮಹಿಮೆಯೂ ತಿಳಿಯುತ್ತಿರಲಿಲ್ಲ. ಶೂನ್ಯಸಂಪಾದನೆಯನ್ನು ತೆರೆದರೆ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಗುಡಿ ಕಟ್ಟಿಸಿ ಲೋಕಮಾನ್ಯನಾದ ಸಿದ್ಧರಾಮನನ್ನು ಅಲ್ಲಮಪ್ರಭುವು ಮಣ್ಣಿನ ಕೆಲಸದ ಒಡ್ಡನೆಂದು ಕರೆದು ಕೆಣಕುವನು. ಸ್ವತಃ ಬಸವಣ್ಣನವರನ್ನೂ ಪ್ರಭುವು ಪರೀಕ್ಷಿಸದೆ ಬಿಡುವದಿಲ್ಲ. ಬಸವಣ್ಣನವರೋ ತಮ್ಮ ವಚನಗಳಲ್ಲಿ ಪರರಿಗಿಂತ ಮುಂಚೆ ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡವರು. ಆತ್ಮಪರೀಕ್ಷೆಯಿಂದ ಬೆಳೆದ ಧರ್ಮಕ್ಕೆ ಅರಸರ ಪರೀಕ್ಷೆಯು ಅಪಮಾನವಾಗಲಾರದು. ಅಂಗದ ಮೇಲೆ ಲಿಂಗವಿದ್ದ ಮಾತ್ರಕ್ಕೆ ಸಿಂಹಾಸನವು ಶುದ್ಧವಾಗುವದಿಲ್ಲ, ನಡತೆ ಬೇಕು ಎಂಬದು ಶರಣರೇ ಕಲಿಸಿದ ಪಾಠ.

ಇನ್ನು ಗ್ರಂಥಕರ್ತರಿಗೆ ವೀರಶೈವರ ಮೇಲೆ ದ್ವೇಷವಿತ್ತೆಂಬ ಮಾತು. ೧೯೩೭ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಪಾಪ್ಯುಲರ್ ಕಲ್ಚರ್ ಇನ್ ಕರ್ನಾಟಕ'ವೆಂಬ ಪುಸ್ತಕದಲ್ಲಿ, ಕನ್ನಡ ಜನತೆಯ ಸಂಸ್ಕಾರಕ್ಕೆ ಶರಣರ ವಚನಗಳಿಂದ ಆದ ಉಪಕಾರವನ್ನು ಗೌರವದಿಂದ ಹೇಳಿರುವರು. ದ್ವೇಷವಿದ್ದವರು ಹೀಗೆ ಬರೆಯಲಾರರು.

ಹಾಗಾದರೆ 'ಚಿಕವೀರರಾಜೇಂದ್ರ'ದಲ್ಲಿ ಇರುವದೇನು? ರಾಜನು ಕೆಟ್ಟವನೆಂಬದು ಅಲ್ಲಿ ಮೊದಲಿಗೇ ತಿಳಿಯುವ ಸಂಗತಿ. ಅದನ್ನು ಸಾಧಿಸುವದಕ್ಕಾಗಿ ಅಷ್ಟು ದೊಡ್ಡ ಗ್ರಂಥವು ಬೇಕಾಗಿರಲಿಲ್ಲ. ಕೆಟ್ಟ ರಾಜನ ಸುತ್ತ ಇದ್ದ ಒಳ್ಳೆಯವರು ಏನು ಮಾಡಿದರು, ಏನು ಮಾಡಲಾರದೆ ಹೋದರು ಎಂಬದೇ ಆ ಗ್ರಂಥದ ನಿಜವಾದ ವಿಷಯ. ರಾಣಿ ಗೌರಮ್ಮಾಜಿಯು ಅಲ್ಲಿ ಸಹನೆಯ, ಗಾಂಭೀರ್ಯದ ಮೂರ್ತಿಯಾಗಿರುವಳು. ಗಂಡನ ದುರ್ನಡತೆಯನ್ನು ಆಕೆ ಒಪ್ಪುವದಿಲ್ಲ, ಗಂಡನನ್ನು ಬಿಡುವದೂ ಇಲ್ಲ. ಅರಮನೆಯ ಮಾನವನ್ನು ತನ್ನ ಮೌನದಿಂದ ಕಾಯುವಳು. ವೀರಶೈವ ಸ್ತ್ರೀಯ ಘನತೆಗೆ ಇದಕ್ಕಿಂತ ಹೆಚ್ಚಿನ ಚಿತ್ರವನ್ನು ಹೊಸಗನ್ನಡದ ಕಾದಂಬರಿಗಳಲ್ಲಿ ಹುಡುಕಿದರೂ ಬಹಳ ಸಿಕ್ಕಲಾರವು. ಗ್ರಂಥವನ್ನು ದೂಷಿಸುವವರು ಈ ರಾಣಿಯನ್ನು ಮರೆತು ಮಾತನಾಡುವರೆಂಬದು ಶೋಚನೀಯವಾದದ್ದು.

ಮಂತ್ರಿಗಳಲ್ಲಿ ಬೋಪಣ್ಣನು ಕೊಡವರ ಮುಖಂಡ, ಲಕ್ಷ್ಮೀನಾರಾಯಣಯ್ಯನು ಬ್ರಾಹ್ಮಣ. ಪ್ರಜೆಗಳನ್ನು ಕಾಯಬೇಕಾದರೆ ಈ ಅರಸನು ಹೋಗಬೇಕೆಂದು ಒಬ್ಬನ ಮನಸ್ಸು ಕ್ರಮವಾಗಿ ತಿರುಗುವದು. ಉಂಡ ಮನೆಗೆ ಎರಡು ಬಗೆಯಬಾರದೆಂದು ಇನ್ನೊಬ್ಬನು ಸಂಕಟಪಡುವನು. ಇಬ್ಬರೂ ಧರ್ಮವನ್ನೇ ಹುಡುಕುವರು. ಇಬ್ಬರಿಗೂ ಅದು ನಿಶ್ಚಯವಾಗಿ ಕೈಗೆ ಸಿಕ್ಕುವದಿಲ್ಲ. ಅರಸನ ತಂಗಿ ದೇವಮ್ಮಾಜಿಯೂ ಆಕೆಯ ಗಂಡ ಚನ್ನಬಸವಯ್ಯನೂ ಪೀಡೆಯನ್ನು ತಾಳಲಾರದೆ ಇಂಗ್ಲಿಷರ ಮರೆಹೊಗುವರು. ಹೀಗೆ ಬಾಗಿಲನ್ನು ಹೊರಗಿನ ವೈರಿಯು ಒಡೆಯುವದಕ್ಕೆ ಮುಂಚೆಯೇ ಒಳಗಿನವರು ಒಬ್ಬೊಬ್ಬರಾಗಿ ತೆರೆಯುತ್ತ ಬರುವರು.

ಎಲ್ಲರಿಗಿಂತ ಆಳವಾಗಿ ಮನಸ್ಸಿನಲ್ಲಿ ನಿಲ್ಲುವವನು ಕುಂಟಬಸವ. ಅರಸನ ಬಾಲ್ಯದ ಜತೆಗಾರನಾಗಿ, ಅವನ ದುಷ್ಕೃತ್ಯಗಳಲ್ಲಿ ಬಲಗೈಯಾಗಿ, ಕೊನೆಗೆ ಮಂತ್ರಿಯೂ ಆದ ಈ ಕುಂಟನು ಬೇರೆ ಯಾರೂ ಅಲ್ಲ. ಅರಸನ ತಂದೆಯಾದ ಲಿಂಗರಾಜನಿಗೆ ಭಗವತಿಯೆಂಬ ಹೆಣ್ಣಿನಲ್ಲಿ ಹುಟ್ಟಿದ ಮಗನು. ಆ ರಹಸ್ಯವು ಅವನಿಗೇ ತಿಳಿಯದು. ತಂದೆಯು ಕೈಬಿಟ್ಟ ಹೆಣ್ಣು, ಕಾಲು ಕೆಟ್ಟ ಮಗು, ನಾಯಿಗಳ ನಡುವೆ ಬೆಳೆದ ಬಾಲ್ಯ, ಇವೆಲ್ಲ ಒಂದು ತಲೆಮಾರಿನ ಮೇಲೆ ಸಿಂಹಾಸನವನ್ನೇ ನುಂಗುವವು. ಲಿಂಗರಾಜನ ಪಾಪವು ಚಿಕವೀರನ ಕಾಲದಲ್ಲಿ ಫಲಿಸಿತು. ಹೀಗೆಂದು ಗ್ರಂಥಕರ್ತರು ಎಲ್ಲಿಯೂ ಗಟ್ಟಿಯಾಗಿ ಕೂಗುವದಿಲ್ಲ. ಕಥೆಯೇ ಅದನ್ನು ಹೇಳುವಂತೆ ಬಿಟ್ಟುಬಿಡುವರು.

ಇಳಿವಯಸ್ಸಿನ ಕೃತಿಯ ಲಕ್ಷಣವೇ ಇದು. ತರುಣ ಲೇಖಕನು ತೀರ್ಪು ಕೊಡಲು ಆತುರಪಡುವನು. ಅರುವತ್ತೈದರ ಮಾಸ್ತಿಯವರಿಗೆ ಆ ಆತುರವಿಲ್ಲ. ಜಿಲ್ಲೆಗಳನ್ನು ಆಳಿ, ವ್ಯಾಜ್ಯಗಳನ್ನು ಕೇಳಿ, ಎರಡೂ ಪಕ್ಷದವರ ಮುಖವನ್ನು ನೋಡಿದವರ ತಾಳ್ಮೆಯು ಅಲ್ಲಿ ಕಾಣುವದು. ರಷ್ಯಾದೇಶದ ಟಾಲ್‌ಸ್ಟಾಯರೂ ತಮ್ಮ ಮುಪ್ಪಿನಲ್ಲಿ ಇಂಥದೇ ಕಥೆಯನ್ನು ಬರೆದರು. ಅವರ 'ಹಾಜಿ ಮುರಾತ್' ಎಂಬ ಕೃತಿಯು ಸಾಮ್ರಾಜ್ಯಕ್ಕೂ ಸ್ವಜನರ ವೈರಕ್ಕೂ ನಡುವೆ ಸಿಕ್ಕಿ ೧೮೫೨ರಲ್ಲಿ ಮಡಿದ ಬೆಟ್ಟದ ನಾಡಿನ ವೀರನೊಬ್ಬನ ಕಥೆ; ಅದು ಟಾಲ್‌ಸ್ಟಾಯರ ಮರಣಾನಂತರ ೧೯೧೨ರಲ್ಲಿ ಪ್ರಕಟವಾಯಿತು. ಅದೇ ೧೮೫೨ರಲ್ಲಿ, ಕಾಶಿಯಲ್ಲಿ ಬಹುಕಾಲ ಸೆರೆಯಲ್ಲಿದ್ದ ಚಿಕವೀರರಾಜನು ತನ್ನ ಮಗಳೊಡನೆ ಲಂಡನ್ನಿಗೆ ಹೋದನು. ಆ ಬಾಲೆಗೆ ಅಲ್ಲಿ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಕುಂಪಣಿಯು ಹಿಡಿದಿಟ್ಟ ಹಣಕ್ಕಾಗಿ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿ ಕಾಯುತ್ತಿದ್ದ ರಾಜನು ೧೮೫೯ರಲ್ಲಿ ಅಲ್ಲಿಯೇ ತೀರಿಕೊಂಡನು, ಮಗಳು ೧೮೬೪ರಲ್ಲಿ. ಜಂಗಮವೇಷದಿಂದ ಪ್ರಾರಂಭವಾದ ಮನೆತನವು ಪರದೇಶದ ಮಣ್ಣಿನಲ್ಲಿ ಮುಗಿದ ಈ ಚರಿತ್ರೆಯನ್ನು ಕೇಳಿದಾಗ ಯಾವ ಭಕ್ತನ ಕಣ್ಣು ತಾನೆ ಒದ್ದೆಯಾಗದು?

ಹಾಗೆಂದು ಹಿರಿಯರ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವದೂ ನ್ಯಾಯವಲ್ಲ. ಕಾದಂಬರಿಯು ಚರಿತ್ರೆಯಲ್ಲ. ವೀರಮ್ಮಾಜಿಯ ಅಂತರಂಗವನ್ನು ಕಂಡವರು ಯಾರೂ ಇಲ್ಲ. ಕಾದಂಬರಿಕಾರನು ಅದನ್ನು ಊಹಿಸುವನು, ಊಹೆ ತಪ್ಪಾಗಿರಲೂಬಹುದು. ಚಿಕವೀರನ ಕ್ರೌರ್ಯದ ಕಥೆಗಳಲ್ಲಿ ಅನೇಕವನ್ನು ಬರೆದಿಟ್ಟವರು ಅವನ ರಾಜ್ಯವನ್ನು ಕಸಿದುಕೊಂಡ ಇಂಗ್ಲಿಷರೇ. ೧೮೩೪ರಲ್ಲಿ ರಾಜ್ಯವನ್ನು ಸೇರಿಸಿಕೊಂಡಾಗ, ದುರಾಡಳಿತವನ್ನು ನಿಲ್ಲಿಸಲೆಂದೂ ಪ್ರಜೆಗಳ ಇಷ್ಟದಂತೆಯೇ ಎಂದೂ ಅವರು ಸಾರಿದರು. ಅಂಥ ರಾಜನು ಎಷ್ಟು ದುಷ್ಟನಾಗಿ ತೋರಿದರೆ ಅವರ ಕಾರ್ಯವು ಅಷ್ಟು ಧರ್ಮವಾಗಿ ತೋರುವದು. ಇಂಗ್ಲಿಷರ ಆಳಿಕೆಯು ಸುಖವನ್ನೇ ತಂದಿದ್ದರೆ, ಮೂರೇ ವರ್ಷಗಳ ಮೇಲೆ, ೧೮೩೭ರಲ್ಲಿ, ಕಲ್ಯಾಣಸ್ವಾಮಿಯೆಂಬ ಜಂಗಮನ ಹೆಸರಿನಲ್ಲಿ ಕೊಡಗಿನವರೂ ಸುಳ್ಯದ ಕಡೆಯವರೂ ದಂಗೆಯೆದ್ದದ್ದೇಕೆ? ಆದುದರಿಂದ ಓದುಗನು ಕಾದಂಬರಿಯನ್ನು ಕಾದಂಬರಿಯೆಂದೇ ಓದತಕ್ಕದ್ದು. ಸಂಗತಿಗಳಿಗಾಗಿ ಲಿಂಗಣ್ಣಕವಿಯ 'ಕೆಳದಿನೃಪವಿಜಯ'ವನ್ನೂ ಕೊಡಗಿನ 'ರಾಜೇಂದ್ರನಾಮೆ'ಯನ್ನೂ ಬೇರೆಯಾಗಿ ನೋಡತಕ್ಕದ್ದು.

ಈಗ ಪ್ರಾರಂಭದ ಪ್ರಶ್ನೆಗೆ ಬರಬಹುದು. ಪ್ರಶಸ್ತಿ ಬಂದ ಗ್ರಂಥವನ್ನೇ ಮೊದಲು ಹಿಡಿದ ಓದುಗನಿಗೆ ಎರಡು ತೊಂದರೆಗಳುಂಟು. ಮೊದಲನೆಯದು, ಹೆಸರುಗಳ ಗೊಂದಲ. ವೀರರಾಜ, ಲಿಂಗರಾಜ, ಅಪ್ಪಾಜಿರಾಜ, ಇಬ್ಬರು ದೇವಮ್ಮಾಜಿಯರು, ಇವರ ಬಂಧುತ್ವವು ತಿಳಿಯುವದರೊಳಗೆ ಉತ್ಸಾಹವು ಇಳಿಯುವದು. ಎರಡನೆಯದು ಇನ್ನೂ ದೊಡ್ಡದು. ಗ್ರಂಥಕರ್ತರ ಸ್ವಭಾವವನ್ನು ಅರಿಯದೆ ಅರಸನ ಪಾಪಗಳನ್ನು ಓದಿದವನು, ಇವರು ಹಳಿಯುವದಕ್ಕಾಗಿಯೇ ಬರೆದರೆಂದು ತಿಳಿಯುವನು. ಹೊಸ ಊರಿಗೆ ಹೋದವನು ಮೊದಲು ನ್ಯಾಯಾಲಯದಲ್ಲಿ ಕುಳಿತರೆ ಆ ಊರಿನವರೆಲ್ಲರೂ ಅಪರಾಧಿಗಳೆಂದು ತೋರುವ ಹಾಗೆ ಇದು.

ಆದುದರಿಂದ ಮೊದಲು ಸಣ್ಣಕಥೆಗಳು. ತಾಯಂದಿರ ಮಾತು ಈ ಮಟ್ಟಿಗೆ ಸರಿ. 'ಮೊಸರಿನ ಮಂಗಮ್ಮ'ನನ್ನು ಓದಬೇಕು. ಅತ್ತೆ ಸೊಸೆಯರ ಜಗಳವೊಂದರಲ್ಲಿ ಮುದಿಜೀವದ ಒಂಟಿತನವನ್ನು ಎಷ್ಟು ಮೆಲ್ಲಗೆ ತೋರಿಸಿರುವರೆಂಬದು ಕಾಣುವದು. 'ವೆಂಕಟಿಗನ ಹೆಂಡತಿ'ಯನ್ನು ಓದಬೇಕು. ಮನೆ ಬಿಟ್ಟು ಹೋಗಿ ತಿರುಗಿ ಬಂದ ಹೆಂಡತಿಯನ್ನು ಬಡ ಕೂಲಿಯವನು ಮರುಮಾತಿಲ್ಲದೆ ಮನೆಗೆ ತೆಗೆದುಕೊಳ್ಳುವ ಕಥೆಯದು. ತಪ್ಪಿದವರನ್ನು ಈ ಲೇಖಕರು ಯಾವ ಕಣ್ಣಿನಿಂದ ನೋಡುವರೆಂಬದು ಅಲ್ಲಿ ನಿಶ್ಚಯವಾಗುವದು.

ಎರಡನೆಯದಾಗಿ 'ಸುಬ್ಬಣ್ಣ'. ಮೈಸೂರ ಅರಮನೆಯ ಆಶ್ರಯದಲ್ಲಿದ್ದ ವಿದ್ವಾಂಸರ ಮಗನೊಬ್ಬನು ಸಂಗೀತಕ್ಕೆ ಮನಸೋತು, ತಂದೆಯೊಡನೆ ಮುನಿದು, ಮನೆಬಿಟ್ಟು ಕಲಕತ್ತೆಯ ವರೆಗೆ ಹೋಗಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಕೊನೆಗೆ ಶಾಂತಿಯನ್ನು ಪಡೆಯುವ ಕಥೆ. ಪುಸ್ತಕವು ಬಹಳ ಚಿಕ್ಕದು. ಒಂದು ಸಂಜೆಗೆ ಮುಗಿಯುವದು. ದುಃಖದ ಕೊನೆಯಲ್ಲಿ ವೈರಾಗ್ಯವು ಹೇಗೆ ಹಣ್ಣಾಗುವದೆಂಬದನ್ನು ಬಲ್ಲ ಭಕ್ತನಿಗೆ ಇದು ಪರಕೀಯವಾಗಿ ತೋರದು.

ಮೂರನೆಯದಾಗಿ 'ಚನ್ನಬಸವನಾಯಕ', ನಾಲ್ಕನೆಯದಾಗಿ 'ಚಿಕವೀರರಾಜೇಂದ್ರ'. ಈ ಎರಡರಲ್ಲಿ ಮೊದಲು ಬರೆದುದನ್ನು ಮೊದಲು ಓದುವದೇ ಲೇಸು. ಬಿದನೂರಿನ ಅಳಿವನ್ನು ಕಂಡವನಿಗೆ ಕೊಡಗಿನ ಅಳಿವು ಬರಿಯ ಒಬ್ಬ ದುಷ್ಟನ ಕಥೆಯಾಗಿ ತೋರದೆ, ಮನೆಯೊಳಗಿನ ಧರ್ಮವು ಕೆಟ್ಟಾಗ ಕೋಟೆಯ ಕಲ್ಲು ಕಾಯಲಾರದೆಂಬ ನಿಯಮದ ಎರಡನೆಯ ಉದಾಹರಣೆಯಾಗಿ ತೋರುವದು. ವೀರಮ್ಮಾಜಿಯಿಂದ ನೊಂದ ಮನಸ್ಸಿಗೆ ಗೌರಮ್ಮಾಜಿಯಿಂದ ಸಮಾಧಾನವೂ ಆಗುವದು. ಈ ದೊಡ್ಡ ಗ್ರಂಥಗಳನ್ನು ಒಬ್ಬರೇ ಕುಳಿತು ಓದುವದಕ್ಕಿಂತ, ಶ್ರಾವಣದಲ್ಲಿ ಪುರಾಣವನ್ನು ಹಚ್ಚಿದ ಹಾಗೆ, ನಾಲ್ಕು ಜನ ಕೂಡಿ ದಿನಕ್ಕೊಂದು ಅಧ್ಯಾಯದಂತೆ ಒಬ್ಬರು ಓದಿ ಉಳಿದವರು ಕೇಳುವದು ಉತ್ತಮ. ವಂಶದ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು ಎದುರಿಗೆ ಇಟ್ಟುಕೊಂಡರೆ ಮೊದಲ ತೊಂದರೆಯೂ ಕಳೆಯುವದು. ಇವೆಲ್ಲ ಮುಗಿದ ಮೇಲೆ, ಮಾಸ್ತಿಯವರು ಇನ್ನೂ ವಯಸ್ಸಾದ ಮೇಲೆ ಬರೆದ 'ಶೇಷಮ್ಮ'ನನ್ನು ಬೇಕಾದವರು ಓದಬಹುದು.

ಕೊನೆಯದಾಗಿ ಒಂದು ಮಾತು. ಅಳಿದ ರಾಜ್ಯವೆಂದರೇನೆಂಬದನ್ನು ಮರಳಿಯ ಸುತ್ತಿನ ಭಕ್ತರಿಗೆ ಪುಸ್ತಕದಿಂದಲೇ ತಿಳಿಸಬೇಕಾದ ಅವಶ್ಯಕತೆಯಿಲ್ಲ. ಗಂಗಾವತಿಯ ಸೀಮೆಯಲ್ಲಿಯೇ ಆನೆಗೊಂದಿಯಿದೆ. ೧೫೬೫ರಲ್ಲಿ ಹಾಳಾದ ಮಹಾಸಾಮ್ರಾಜ್ಯದ ಕಲ್ಲುಗಳು ಹೊಳೆಯ ಈಚೆಗೂ ಆಚೆಗೂ ಬಿದ್ದಿವೆ. ಅದಕ್ಕೂ ಹಿಂದೆ, ೧೩೨೭ರ ಸುಮಾರಿಗೆ ದೆಹಲಿಯ ದಂಡಿಗೆ ಸಿಕ್ಕಿ ಅಳಿದ ಕುಮ್ಮಟದುರ್ಗವೂ ಇದೇ ನೆಲದಲ್ಲಿದೆ; ಅಲ್ಲಿಯ ಕುಮಾರರಾಮನ ಕಥೆಯನ್ನು ಈ ಭಾಗದ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿರುವರು. ಆ ಕಥೆಯಲ್ಲಿಯೂ ಚಿಕ್ಕತಾಯಿಯ ಮೋಹವಿದೆ, ತಂದೆಯ ದುಡುಕಿದೆ. ಅವುಗಳನ್ನು ಬಿಟ್ಟು ಕುಮಾರರಾಮನ ಶೌರ್ಯವನ್ನಷ್ಟೇ ಹೇಳಿದವರು ಯಾರೂ ಇಲ್ಲ. ಹೇಳಿದ್ದರೆ ಅವನ ಶೀಲದ ಬೆಲೆಯೂ ಜನರಿಗೆ ತಿಳಿಯುತ್ತಿರಲಿಲ್ಲ. ಕುಮ್ಮಟದ ಕಥೆಯನ್ನು ಕೇಳಬಲ್ಲ ಕಿವಿಗೆ ಬಿದನೂರಿನ ಕಥೆಯೂ ಮಡಿಕೇರಿಯ ಕಥೆಯೂ ಸಹ್ಯವಾಗಬೇಕು. ಮಠದ ಕಪಾಟಿನಲ್ಲಿ ಬಸವಪುರಾಣದ ಸ್ಥಾನವು ಬಸವಪುರಾಣಕ್ಕೇ ಇರಲಿ. ಅದರ ಕೆಳಗಿನ ಹಲಗೆಯಲ್ಲಿ ಈ ನಾಲ್ಕು ಪುಸ್ತಕಗಳಿಗೂ ಎಡೆಯಾಗಲಿ. ಓದುವ ಹುಡುಗನು ಹಿರಿಯರನ್ನು ಕೇಳಲಿ, ಹಿರಿಯರು ಸಿಟ್ಟಾಗದೆ ಉತ್ತರ ಹೇಳಲಿ.